ಬ್ಯಾಂಡ್‌ಸೆಟ್ ವ್ಯಾನಿನ ಹಾರನ್

ಮಳವಳ್ಳಿ ಕಡೆಯ ಒಂದು ಊರಿನಲ್ಲಿ ಪುಟ್ಟಮಾದಯ್ಯ ಎಂಬ ಬ್ಯಾಂಡ್ ಮೇಷ್ಟ್ರಿದ್ದ. ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ನುಡಿಸುವುದು ಅವನ ಕಸುಬು. ತಂಡವನ್ನು ಊರೂರಿಗೆ ಕರೆದೊಯ್ಯಲು ಒಂದು ಹಳೆಯ ವ್ಯಾನಿತ್ತು. ಅವನೇ ಓಡಿಸುತ್ತಿದ್ದ. ವಾದ್ಯದವರೆಲ್ಲ ಹಿಂದೆ ಡ್ರಮ್ಮುಗಳ ನಡುವೆ ಒತ್ತೊತ್ತಾಗಿ ಕೂರುತ್ತಿದ್ದರು. ಟ್ರಂಪೆಟ್ ಊದುವ ಗುರುಮಲ್ಲ ಅವನ ಒಡಹುಟ್ಟಿದ ತಮ್ಮ.

ಬ್ಯಾಂಡಿನವರಿಗೆ ಬಿಡುವು ಸಿಗುವುದು ಆಷಾಢದಲ್ಲಿ. ಆ ತಿಂಗಳು ಮದುವೆಗಳೇ ಇಲ್ಲವಲ್ಲ! ಹಾಗಾಗಿ ಪುಟ್ಟಮಾದಯ್ಯ ಎಲ್ಲವನ್ನೂ ಆಷಾಢಕ್ಕೆ ತಳ್ಳುತ್ತಿದ್ದ. ಹಲ್ಲುನೋವೂ ಆಷಾಢಕ್ಕೆ, ಸೋರುವ ಹೆಂಚೂ ಆಷಾಢಕ್ಕೆ. ವ್ಯಾನಿನ ಹಿಂಬಾಗಿಲ ಒಳಹಿಡಿ ಮುರಿದು, ಹೊರಗಿನಿಂದಷ್ಟೇ ಬಾಗಿಲು ತೆಗೆಯಬೇಕಾಗಿತ್ತು. ಅದೂ ಆಷಾಢಕ್ಕೇ. ಆಷಾಢ ಬಂದಾಗ ಮಹರಾಯ ಚಾಪೆ ಹಾಸಿಕೊಂಡು ಮಲಗಿಬಿಡುತ್ತಿದ್ದ.

ಆ ವರ್ಷ ಮದುವೆಗಳ ಭರಾಟೆ. ಒಂದು ಮಧ್ಯಾಹ್ನ ಛತ್ರದ ಮುಂದೆ ನಿಂತಿದ್ದ ವ್ಯಾನಿನ ವೈಪರ್ ತಾನಾಗಿ ಆಡತೊಡಗಿತು. ಮಳೆಯಿಲ್ಲ, ಒಳಗೆ ಯಾರೂ ಇಲ್ಲ, ಕೀಲಿ ಪುಟ್ಟಮಾದಯ್ಯನ ಜೇಬಿನಲ್ಲಿತ್ತು. ಗಾಜಿನ ಮೇಲೆ ಅದು ಸರಕ್ ಸರಕ್ ಎಂದು ಎಳೆಯುತ್ತಲೇ ಇತ್ತು. ಇನ್ನೊಂದು ದಿನ ಬಿರುಬಿಸಿಲಿನಲ್ಲಿ ಹೆಡ್‌ಲೈಟು ಹೊತ್ತಿಕೊಂಡು ಮೆಲ್ಲಗೆ ಕಣ್ಣು ಮುಚ್ಚಿತು. ಆಮೇಲೆ ಹಾರನ್ ಕೂಗಲು ಶುರುವಾಯಿತು. ಎಂದಿನ ಸದ್ದಲ್ಲ ಅದು, ಯಾರೋ ಗಂಟಲು ಬಿಗಿಹಿಡಿದು ಅಳುವ ಹಾಗಿತ್ತು. ಮದುವೆ ಮನೆಯವರು ಗಾಬರಿಗೊಂಡು ಮಕ್ಕಳನ್ನು ಒಳಗೆ ಕರೆದುಕೊಂಡರು.

"ಗಾಡಿಗೆ ಗಾಳಿ ಸೋಕ್ಯದೆ" ಎಂದರು ಜನ. ಪುಟ್ಟಮಾದಯ್ಯ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ, ಬೂದುಗುಂಬಳ ಒಡೆದ. ಹಾರನ್ ಕೂಗುವುದು ನಿಲ್ಲಲಿಲ್ಲ. ಕೊನೆಗೆ ವೈರಿಂಗ್ ಕೆಲಸದ ಇಮ್ತಿಯಾಜನ ಅಂಗಡಿಗೆ ಹೋದ.

ಇಮ್ತಿಯಾಜ ಸ್ಟೀರಿಂಗಿನ ಕೆಳಗೆ ತಲೆ ಹಾಕಿ ನೋಡಿದ. ಫ್ಯೂಸ್ ಬಾಕ್ಸ್ ಕರಗಿ ಕಪ್ಪಾಗಿ, ವೈರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ಯೂಸ್ ಇರಬೇಕಾದ ಜಾಗದಲ್ಲೆಲ್ಲ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ಸುರುಳಿಗಳಿದ್ದವು.

"ಇದ್ನ ಯಾರು ತುರುಕಿದ್ದು ಅಣ್ಣಾ?"

"ನಾನೆಯಾ. ಫ್ಯೂಜು ಗಳಿಗೆಗೊಂದ್ಸಲ ಹೋಯ್ತಿತ್ತು ಕಣಪ್ಪ. ಮೆರವಣಿಗೆ ಹೊತ್ಗೆ ನಿಂತ್ಕೊಂಡ್ರೆ ಮಾನ ಉಳಿದದಾ?"

"ಫ್ಯೂಜು ಇರೋದೇ ಸುಟ್ಟೋಗಕ್ಕೆ. ಅದು ಸುಟ್ಟೋದ್ರೆ ಗಾಡಿ ಉಳೀತದೆ. ನೀವು ಅದ್ರ ಬಾಯಿ ಕಟ್ಬುಟ್ಟಿದ್ದೀರಿ. ಗಾಡಿ ಇಲ್ಲೇ ಬುಡಿ. ಹಳೇ ಮಾಡೆಲ್ಲು, ಬಾಕ್ಸು ಮೈಸೂರಲ್ಲಿ ಹುಡುಕ್ಬೇಕು. ಪೂರ್ತಿ ಬದಲಾಯಿಸ್ತೀನಿ."

"ಆಷಾಢಕ್ಕೆ ಬುಡ್ತೀನಿ. ಈಗ ಆ ಹಾರನ್ ಒಂದ್ನ ಬಿಚ್ಚಾಕು. ಅದ್ರ ಅಳು ಕೇಳಕ್ಕಾಗಲ್ಲ."

ಇಮ್ತಿಯಾಜ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಬೇರೆ ದಾರಿಯಿಲ್ಲದೆ ಇಮ್ತಿಯಾಜ ಹಾರನ್ ಬಿಚ್ಚಿ ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದ. ವ್ಯಾನು ಸುಮ್ಮನಾಯಿತು. ಪುಟ್ಟಮಾದಯ್ಯನಿಗೆ ಖುಷಿಯೋ ಖುಷಿ!

ಮರುವಾರ ಒಂದು ಮದುವೆ ಮುಗಿಸಿ ತಂಡ ವಾಪಸಾಗುತ್ತಿತ್ತು. ಬೆಳಗಿನಿಂದ ಊದಿ ಬಡಿದು ದಣಿದವರು ಹಿಂದೆ ಗೊರಕೆ ಹೊಡೆಯುತ್ತಿದ್ದರು. ಪುಟ್ಟಮಾದಯ್ಯ ರಸ್ತೆ ಬದಿ ವ್ಯಾನು ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಸ್ವಲ್ಪ ದೂರದ ಅಂಗಡಿಗೆ ಟೀ ಕುಡಿಯಲು ಹೋದ. ಗ್ಲಾಸು ತುಟಿಗೆ ತಾಗುವಷ್ಟರಲ್ಲಿ ವ್ಯಾನಿನ ಕಡೆಯಿಂದ ಹಾರನ್ ಕೂಗಿತು.

ಅದೇ ಬಿಗಿದ ಗಂಟಲಿನ ಅಳು. ಹಾರನ್ನೇ ಇಲ್ಲದ ಗಾಡಿ ಕೂಗುವುದು ಹೇಗೆ? ಗ್ಲಾಸು ಎಸೆದು ಓಡಿದ. ಸ್ಟೀರಿಂಗಿನ ಕೆಳಗಿನಿಂದ ಕಪ್ಪು ಹೊಗೆ ಸುರುಳಿಯಾಗಿ ಹಿಂದಕ್ಕೆ ನುಗ್ಗುತ್ತಿತ್ತು. ಮುಂದಿನ ಸೀಟಿಗೆ ಬೆಂಕಿ ಹತ್ತಿತ್ತು. ಹಿಂಬಾಗಿಲು ತೆಗೆದು, ತಮ್ಮನನ್ನೂ ಉಳಿದವರನ್ನೂ ಕಾಲು ಹಿಡಿದು ಎಳೆದು ಹಾಕಿದ. ಟೀ ಅಂಗಡಿಯವರು ನೀರು ಮಣ್ಣು ಎರಚಿ ಬೆಂಕಿ ಆರಿಸಿದರು.

"ಹಾರನ್ ಒತ್ತಿದ್ದು ಯಾರ್ಲಾ?" ಎಂದ ಪುಟ್ಟಮಾದಯ್ಯ.

ಗುರುಮಲ್ಲ ಕೆಮ್ಮುತ್ತಲೇ ಅಣ್ಣನ ಮುಖ ನೋಡಿದ. "ಯಾವ ಹಾರನ್ನಣ್ಣೋ? ನಮ್ಗೇನೂ ಕೇಳ್ಸ್ನಿಲ್ಲ."

ಅಷ್ಟೂ ಜನ ಬದುಕಿದ್ದರು. ಪುಟ್ಟಮಾದಯ್ಯ ರಸ್ತೆಯಲ್ಲೇ ಕೂತು ತಮ್ಮನನ್ನು ತಬ್ಬಿಕೊಂಡು ಮಗುವಿನಂತೆ ಅತ್ತ.

ಮಾರನೆಯ ದಿನವೇ, ಮುಂದಿನ ಮದುವೆಗೆ ಬೇರೆ ತಂಡ ನೋಡಿಕೊಳ್ಳಿ ಎಂದು ಹೇಳಿ, ಸುಟ್ಟ ವ್ಯಾನನ್ನು ಎಳೆಸಿಕೊಂಡು ಇಮ್ತಿಯಾಜನ ಬಳಿ ಬಂದ. ಹೊಸ ಫ್ಯೂಸ್ ಬಾಕ್ಸ್ ಬಂತು, ಹೊಸ ವೈರುಗಳು ಬಂದವು, ಹಿಂಬಾಗಿಲಿಗೆ ಒಳಹಿಡಿಯೂ ಬಂತು. ದೀಪ ಹೊತ್ತಿತು, ವೈಪರ್ ಆಡಿತು. ಕೊನೆಗೆ ಮೊಳೆಯಿಂದ ಹಳೆಯ ಹಾರನ್ ಇಳಿಸಿ ಜೋಡಿಸಿದರು. ಪುಟ್ಟಮಾದಯ್ಯ ಒತ್ತಿದ. ಸದ್ದಿಲ್ಲ.

ಇಮ್ತಿಯಾಜ ಅದನ್ನು ಬಿಚ್ಚಿ ಅಂಗೈ ಮೇಲೆ ಬೋರಲು ಹಾಕಿದ. ಒಳಗಿನಿಂದ ಬರೀ ಬೂದಿ ಉದುರಿತು.

"ನಾನು ಬಿಚ್ಚಿದಾಗ ಚೆನ್ನಾಗಿತ್ತಲ್ಲಣ್ಣ" ಎಂದ ಅವನು ಮೆಲ್ಲಗೆ. "ಮೊಳೆ ಮೇಲಿತ್ತು, ಒಂದು ವೈರೂ ಮುಟ್ಟಿಲ್ಲ. ಇದು ಸುಟ್ಟೋಗಿದ್ದು ಯಾವಾಗ?"

ಯಾವಾಗ ಎಂಬುದು ಪುಟ್ಟಮಾದಯ್ಯನಿಗೆ ಗೊತ್ತಿತ್ತು. ಆ ಬೂದಿಯನ್ನು ಹಣೆಗೆ ಇಟ್ಟುಕೊಂಡ. ಅಂದಿನಿಂದ ಅವನ ಬಾಯಲ್ಲಿ ಆಷಾಢದ ಮಾತು ಬರಲಿಲ್ಲ.

ನೀತಿ: ನಮ್ಮನ್ನು ಉಳಿಸಲು ತಾನು ಸುಡುವುದಕ್ಕೂ ಸಿದ್ಧವಾಗಿರುವ ಎಚ್ಚರಿಕೆಯ ಬಾಯಿ ಕಟ್ಟಬಾರದು. ಕೆಟ್ಟದ್ದು ಕಣ್ಣಿಗೆ ಬಿದ್ದ ದಿನವೇ ಅದನ್ನು ಸರಿಪಡಿಸುವ ದಿನ. ಬೆಂಕಿ ನಮ್ಮ ಬಿಡುವು ನೋಡಿಕೊಂಡು ಬರುವುದಿಲ್ಲ.