ಸೂಜಿಮೆಣಸು ಯಾಕೆ ಆಕಾಶ ನೋಡುತ್ತದೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲವದು. ಹಸಿ ಅಂದರೆ ಒದ್ದೆ ಅಂತಲ್ಲ, ಈಗಷ್ಟೇ ತಟ್ಟಿಟ್ಟ ಮಡಕೆಯ ಹಾಗೆ ಹೊಸದು ಅಂತ. ಹಾಗಲಕಾಯಿಗೆ ಆಗಲೇ ಕಹಿ ಸಿಕ್ಕಿತ್ತು, ಹುಣಸೆಗೆ ಹುಳಿ ಸಿಕ್ಕಿತ್ತು. ಖಾರ ಮಾತ್ರ ಲೋಕದಲ್ಲಿ ಎಲ್ಲೂ ಇರಲಿಲ್ಲ. ಸೂಜಿಮೆಣಸಿನಲ್ಲೂ ಇರಲಿಲ್ಲ.

ಬೆಟ್ಟದ ಬುಡದಲ್ಲಿ, ಹಳ್ಳದ ಈಚೆಗೆ, ತುಂಗಕ್ಕ ಎಂಬ ಹೆಂಗಸು ಒಬ್ಬಳೇ ಇದ್ದಳು. ಊರು ಹಳ್ಳದ ಆಚೆಗಿತ್ತು. ಅವಳ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಒಂದು ಸೂಜಿಮೆಣಸಿನ ಗಿಡವಿತ್ತು. ಲೋಕಕ್ಕೆಲ್ಲ ಅದೊಂದೇ. ಅದರ ಹಣ್ಣುಗಳು ಕಿರುಬೆರಳಿನ ಉಗುರಿನಷ್ಟು ಚಿಕ್ಕವು, ಕೆಂಪು, ಜೇನಿನಷ್ಟು ಸಿಹಿ. ಆಗ ಅವು ನೆಲದ ಕಡೆಗೆ ಜೋತುಬಿದ್ದಿರುತ್ತಿದ್ದವು. ಇದನ್ನು ನೆನಪಿಡಬೇಕು, ಆಮೇಲೆ ಬೇಕಾಗುತ್ತದೆ.

ಹಣ್ಣಿನ ಆಸೆಗೆ ಎಲ್ಲರೂ ಹಳ್ಳ ದಾಟಿ ಬರುತ್ತಿದ್ದರು. ಮೇಕೆ ಬರುತ್ತಿತ್ತು, ಅಳಿಲು ಬರುತ್ತಿತ್ತು, ಊರಿನ ಕೆಂಚಮ್ಮ ಎಲ್ಲರಿಗಿಂತ ಮುಂಚೆ ಬರುತ್ತಿದ್ದಳು.

"ತುಂಗಕ್ಕಾ, ನಿನ್ನನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ," ಎನ್ನುತ್ತಿದ್ದಳು ಕೆಂಚಮ್ಮ, ಕಣ್ಣು ಗಿಡದ ಮೇಲಿಟ್ಟು.

"ನೋಡಿದ್ದಾಯ್ತಲ್ಲ, ಈಗ ತಿನ್ನು," ಎಂದು ತುಂಗಕ್ಕ ನಗುತ್ತಿದ್ದಳು.

ಅವರು ಬರುವುದು ಹಣ್ಣಿಗೆ, ತನಗಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹಿತ್ತಲಲ್ಲಿ ಒಂದಿಷ್ಟು ಮಾತು ಇರುತ್ತಿತ್ತಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಒಂದು ದಿನ ಗಿಡ ಹೇಳಿತು, "ಅಕ್ಕಾ, ನನಗೆ ವಯಸ್ಸಾಯ್ತು. ನನ್ನ ಬೀಜ ಒಂದೂ ಮೊಳೆತಿಲ್ಲ."

"ಇಷ್ಟು ಜನ ತಿಂದು ಹೋಗ್ತಾರಲ್ಲ ಮಾರಾಯ, ಒಂದೂ ಬೀಳಲಿಲ್ವಾ?"

"ಎಲ್ಲರಿಗೂ ಹಲ್ಲಿದೆ. ಬೀಜವನ್ನೂ ಅಗಿದುಬಿಡ್ತಾರೆ. ನಾನು ಒಣಗಿದರೆ ಲೋಕದಲ್ಲಿ ನನ್ನವರು ಅಂತ ಯಾರೂ ಇರಲ್ಲ. ನಿನ್ನ ಒಲೆಯಿಂದ ಒಂದು ಕೆಂಡ ಕೊಡು. ಅದನ್ನ ಹಣ್ಣಿನೊಳಗೆ ಬಚ್ಚಿಟ್ಟುಕೊಳ್ತೀನಿ. ಅಗಿದವರ ಬಾಯಿ ಉರಿಯಲಿ."

ತುಂಗಕ್ಕನೇ ಒಂದು ಬೀಜ ಬಿತ್ತಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿತ್ತುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಗಿಡಗಳು ತಮ್ಮ ಪಾಡಿಗೆ ತಾವು ಹುಟ್ಟುತ್ತಿದ್ದವು.

ತುಂಗಕ್ಕ ಪಾತ್ರೆ ತೊಳೆಯುತ್ತಾ ಯೋಚಿಸಿದಳು. ಹಣ್ಣು ಉರಿದರೆ ಹಳ್ಳ ದಾಟಿ ಯಾರು ಬರುತ್ತಾರೆ? ಮೂರು ದಿನ ಅವಳು ಗಿಡದ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಒಂದು ಎಲೆ ಹಳದಿಯಾಗಿ ಕಲ್ಲಿನ ಮೇಲೆ ಬಿತ್ತು. ತನ್ನವರು ಅಂತ ಯಾರೂ ಇಲ್ಲದಿರುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಕ್ಕಳದಲ್ಲಿ ಒಂದು ಕೆಂಡ ತಂದಳು. ಬೇರು ಸುಡದಿರಲಿ ಎಂದು ಮೊದಲು ಒಂದು ಹಿಡಿ ಬೂದಿ ಹಾಕಿ, ಅದರ ಮೇಲೆ ಕೆಂಡವಿಟ್ಟು ಮಣ್ಣು ಮುಚ್ಚಿದಳು.

ಮರುದಿನ ಕೆಂಚಮ್ಮ ಹಣ್ಣು ಅಗಿದಳು. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. ಒಂದು ಗಡಿಗೆ ಮಜ್ಜಿಗೆ ಕುಡಿದರೂ ಉರಿ ಹೋಗಲಿಲ್ಲ.

"ಏನು ಹಾಕಿದೀಯೇ ಇದಕ್ಕೆ?"

"ಕೆಂಡ," ಎಂದಳು ತುಂಗಕ್ಕ. ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

"ಇನ್ಮೇಲೆ ನೀನು ಕೊಡೋದನ್ನ ಕೈಯಲ್ಲಿ ಮುಟ್ಟಲ್ಲ. ಏನಿದ್ರೂ ಕೆಳಗಿಡು, ಆಮೇಲೆ ನೋಡೋಣ."

ಆಮೇಲೆ ನೋಡಲು ಅವಳು ಬರಲೇ ಇಲ್ಲ. ಮೇಕೆ ಸೀನುತ್ತಾ ಹೋಯಿತು. ಅಳಿಲು ಕಲ್ಲಿಗೆ ಮೂತಿ ಉಜ್ಜಿಕೊಂಡು ಹೋಯಿತು. ತಿನ್ನುವವರಿಲ್ಲದೆ ಉದುರಿದ ಹಣ್ಣುಗಳು ಗಿಡದ ನೆರಳಲ್ಲೇ ಕೊಳೆತವು, ಒಂದೂ ಮೊಳೆಯಲಿಲ್ಲ. ಹಿತ್ತಲಲ್ಲಿ ಪಾತ್ರೆಯ ಸದ್ದೊಂದೇ ಉಳಿಯಿತು. ಒಬ್ಬಳ ಪಾತ್ರೆ ಎಷ್ಟು ಸದ್ದು ಮಾಡೀತು? ಒಂದು ತಟ್ಟೆ, ಒಂದು ಲೋಟ.

ಬಹಳ ತಿಂಗಳ ಮೇಲೆ ಒಂದು ಪಿಕಳಾರ ಹಕ್ಕಿ ಬಂದು ಗಿಡದ ಮೇಲೆ ಕೂತಿತು.

"ತಿನ್ನಬೇಡ ಮಗಾ, ಉರಿಯುತ್ತೆ," ಎಂದಳು ತುಂಗಕ್ಕ.

"ಉರಿ ಅಂದ್ರೇನು?" ಎನ್ನುತ್ತಾ ಹಕ್ಕಿ ಮೂರು ಹಣ್ಣನ್ನು ಇಡಿಯಾಗಿ ನುಂಗಿತು. "ನಂಗೆ ಹಲ್ಲೇ ಇಲ್ಲವಲ್ಲ ತುಂಗಕ್ಕಾ. ಅಗಿಯೋರಿಗೆ ತಾನೇ ಆ ಕಷ್ಟ."

"ಬೀಜ ಎಲ್ಲಿ ಹಾಕ್ತೀಯ?" ಗಿಡ ಆಸೆಯಿಂದ ಕೇಳಿತು.

"ಎಲ್ಲಿ ಕೂತರೆ ಅಲ್ಲಿ. ಹಿಕ್ಕೆ ಹಾಕೋಕೆ ಯಾರಾದ್ರೂ ಜಾಗ ಹುಡುಕ್ತಾರಾ?"

ತುಂಗಕ್ಕ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದರಿಂದ ಅವಳ ನಗು ಅವಳಿಗೇ ಹೊಸದಾಗಿ ಕೇಳಿಸಿತು.

"ಮೊಳೆತರೆ ಬಂದು ಹೇಳು," ಎಂದಿತು ಗಿಡ.

"ಬರ್ತೀನಿ," ಎಂದು ಹಕ್ಕಿ ಹಾರಿಹೋಯಿತು.

ನೆಲಕ್ಕೆ ಜೋತುಬಿದ್ದಿದ್ದರೆ ಆಕಾಶದಿಂದ ಬರುವವರು ಕಾಣುವುದಿಲ್ಲ. ಅದಕ್ಕೆ ಗಿಡ ತನ್ನ ಹಣ್ಣುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ತಿರುಗಿಸಿತು. ತುಂಗಕ್ಕನೂ ಕಲ್ಲಿನ ಮೇಲೆ ಕೂತು ಮೇಲೆ ನೋಡಿದಳು. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಹಕ್ಕಿ ಬರಲಿಲ್ಲ. ಅದು ಸುಳ್ಳು ಹೇಳಿರಲಿಲ್ಲ, ಮರೆತಿತ್ತು, ಅಷ್ಟೇ. ಬೇಸಿಗೆಯಲ್ಲಿ ಗಿಡ ಒಣಗಿತು. ಒಣಗಿದ ಮೇಲೂ ಹಣ್ಣುಗಳು ಮೇಲೆ ನೋಡುತ್ತಲೇ ಇದ್ದವು.

ಖಾಲಿ ಹಿತ್ತಲು ನೋಡಲಾರದೆ ತುಂಗಕ್ಕ ಹಳ್ಳ ದಾಟಿ ಊರಿಗೆ ಹೋದಳು. ಕೆಂಚಮ್ಮನ ಬೇಲಿಯ ಕೆಳಗೆ ಒಂದು ಪುಟ್ಟ ಗಿಡ ನಿಂತಿತ್ತು. ಅದರ ಹಣ್ಣುಗಳೂ ಮೇಲೆ ನೋಡುತ್ತಿದ್ದವು. ಪಕ್ಕದ ಮನೆಯ ಬೇಲಿಯ ಕೆಳಗೂ ಒಂದಿತ್ತು.

"ತಾನಾಗೇ ಹುಟ್ಟಿತು ಕಣೇ," ಎಂದಳು ಕೆಂಚಮ್ಮ, ದೂರದಲ್ಲೇ ನಿಂತು. "ಯಾವಾಗ ನೋಡಿದ್ರೂ ಮೇಲೇ ನೋಡ್ತಿರುತ್ತೆ. ಏನು ನೋಡುತ್ತೋ."

ತುಂಗಕ್ಕನಿಗೆ ಗೊತ್ತಿತ್ತು. ಬಗ್ಗಿ ಒಂದು ಎಲೆ ಮುಟ್ಟಿದಳು.

"ಬುಡಕ್ಕೆ ಒಂದು ಹಿಡಿ ಬೂದಿ ಹಾಕು. ಚೆನ್ನಾಗಿ ಬರುತ್ತೆ," ಎಂದಳು.

ಕೆಂಚಮ್ಮ ನಾಲ್ಕು ಹಣ್ಣು ಕಿತ್ತಳು. ತುಂಗಕ್ಕ ಕೈ ಚಾಚಿದಳು. ಕೆಂಚಮ್ಮ ಅವನ್ನು ಕೈಗೆ ಕೊಡದೆ ಕೆಳಗೆ ಕಲ್ಲಿನ ಮೇಲಿಟ್ಟು ಒಳಗೆ ಹೋದಳು. ತುಂಗಕ್ಕ ಆ ನಾಲ್ಕನ್ನೂ ಆರಿಸಿ ಸೆರಗಿಗೆ ಕಟ್ಟಿಕೊಂಡು, ಮತ್ತೆ ಹಳ್ಳ ದಾಟಿ ಮನೆಗೆ ಹೋದಳು.

ಅದಕ್ಕೇ ಇವತ್ತಿಗೂ ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಡುತ್ತಾರೆ. ಯಾರೂ ಬಿತ್ತದೆ ನಿಮ್ಮ ಹಿತ್ತಲ ಬೇಲಿಯ ಕೆಳಗೆ ಹುಟ್ಟುವ ಸೂಜಿಮೆಣಸು, ಬರುತ್ತೇನೆ ಎಂದು ಹೋದ ಹಕ್ಕಿಗಾಗಿ ಇನ್ನೂ ತಲೆಯೆತ್ತಿ ಆಕಾಶವನ್ನೇ ನೋಡುತ್ತಾ ನಿಂತಿರುತ್ತದೆ.