ಡೊಂಕು ಬಳ್ಳಿಯ ದಾರಿ

ಬಿದಿರು ಮೆಳೆಗಳ ನಡುವೆ ಒಂದು ಕೆರೆ, ಕೆರೆಗೆ ಕೂಗಳತೆಯಲ್ಲಿ ಒಂದು ಆಸರೆ. ಮಕ್ಕಳೇ, ಕಣ್ಣು ಕಾಣದ, ಕಾಲು ಊನವಾದ ಪ್ರಾಣಿಗಳು ಅಲ್ಲಿ ಒಟ್ಟಾಗಿ ಬಾಳುತ್ತಿದ್ದವು. ಆಸರೆಯಿಂದ ಕೆರೆಯವರೆಗೆ, ಮರದಿಂದ ಮರಕ್ಕೆ, ಉದ್ದನೆಯ ಬಳ್ಳಿಯೊಂದನ್ನು ಕಟ್ಟಲಾಗಿತ್ತು. ಕಣ್ಣು ಕಾಣದವರು ಅದಕ್ಕೆ ಮೈ ತಾಗಿಸಿಕೊಂಡು ನಡೆದು, ಯಾರ ಹಂಗೂ ಇಲ್ಲದೆ ನೀರು ಕುಡಿದು ಬರುತ್ತಿದ್ದರು.

ಆಸರೆಯ ಮುಖ್ಯಸ್ಥೆ ಬೂದವ್ವ ಎಂಬ ಮುಸುವ ಕೋತಿ. ಒಳ್ಳೆಯವಳೇ, ಆದರೆ ಒಂದು ಗಳಿಗೆ ಸುಮ್ಮನೆ ಕೂರಲಾರಳು. ಹಾಸಿದ ಎಲೆಯನ್ನು ಮತ್ತೆ ಹಾಸುವಳು, ಗುಡಿಸಿದ ಅಂಗಳವನ್ನು ಮತ್ತೆ ಗುಡಿಸುವಳು. ಮರುದಿನ ಕಾಡಿನ ಹಿರಿಯಾನೆ ಆಸರೆಯನ್ನು ನೋಡಲು ಬರುವನೆಂದು ತಿಳಿದ ಮೇಲಂತೂ ಅವಳ ಬಾಲಕ್ಕೂ ಬಿಡುವಿರಲಿಲ್ಲ.

ಆ ಬೆಳಿಗ್ಗೆ ಅವಳ ಕಣ್ಣು ಬಳ್ಳಿಯ ಮೇಲೆ ಬಿತ್ತು. ಅಲ್ಲೊಂದು ತಿರುವು, ಇಲ್ಲೊಂದು ಸುತ್ತು.

"ಛೇ, ಇದೆಂಥ ಅವಲಕ್ಷಣ! ನೆಟ್ಟಗೆ ಕಟ್ಟಿದರೆ ಅರ್ಧ ದಾರಿ ಕಡಿಮೆಯಾಗುತ್ತದೆ."

ಬಿಸಿಲು ಕಾಯುತ್ತಿದ್ದ ಮುಳ್ಳುಹಂದಿ ಸಿದ್ದಜ್ಜ ತಲೆಯೆತ್ತಿದ. ಅವನಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. "ಅದನ್ನು ಮುಟ್ಟುವ ಮುಂಚೆ ನಮ್ಮನ್ನೊಂದು ಮಾತು ಕೇಳವ್ವ."

"ಕೇಳುವುದೇನಜ್ಜ? ಹಿಂದೆ ಈ ಆಸರೆ ಕಟ್ಟಿದ ಮಹಾಗಜ ಸಂತೋಷದಿಂದ ಕುಣಿಯುತ್ತ ಬಳ್ಳಿ ಎಳೆದನಂತೆ, ಅದಕ್ಕೇ ಈ ಡೊಂಕು. ಎಲ್ಲರಿಗೂ ಗೊತ್ತಿರುವ ಕತೆ!"

"ಗೊತ್ತು ಸರಿ. ಕಂಡವರು ಯಾರು?"

"ನೀನಂತೂ ಅಲ್ಲ!" ಎಂದುಬಿಟ್ಟಳು ಬೂದವ್ವ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಕೈಗಳು ಆಗಲೇ ಗಂಟು ಬಿಚ್ಚುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಬಳ್ಳಿ ಬಿಲ್ಲಿನ ಹೆದೆಯಂತೆ ನೆಟ್ಟಗಾಯಿತು. ಕಣ್ಣು ಕಾಣದ ಮೊಲ ಹೊನ್ನಿ ಬಾಯಾರಿ ಹೊರಬಂದಳು.

"ಹೊನ್ನೀ, ಇನ್ನು ಕೆರೆಗೆ ನಾಲ್ಕೇ ನೆಗೆತ!" ಎಂದು ಬೂದವ್ವ ಮರದ ಮೇಲಿನಿಂದ ಕೂಗಿದಳು.

"ಹೌದೇನಕ್ಕ? ನನ್ನ ಕಾಲು ನಿನಗೆ ಋಣಿ!" ಎಂದು ಹೊನ್ನಿ ನಗುತ್ತ ಓಡಿದಳು.

ಮೂರನೆಯ ಮರ ದಾಟಿದ್ದೇ ತಡ, "ಅಕ್ಕಾ, ನೆಲ ಎಲ್ಲಿ?" ಎಂದು ಚೀರಿದಳು.

ಒಣಗಿದ ಎಲೆಗಳ ಅಡಿಯಲ್ಲಿ ಕಾಲಿಟ್ಟರೆ ಹೂತುಹೋಗುವ ಹುದುಲಿತ್ತು. ಕೊಂಬೆಯಿಂದ ಕೊಂಬೆಗೆ ಹಾರಿಯೇ ಕೆರೆಗೆ ಹೋಗುತ್ತಿದ್ದ ಬೂದವ್ವ ಆ ನೆಲಕ್ಕೆ ಒಮ್ಮೆಯೂ ಕಾಲಿಟ್ಟವಳಲ್ಲ. ಹೊನ್ನಿಯ ಹೊಟ್ಟೆ ಮುಳುಗಿತು, ಎದೆ ಮುಳುಗಿತು.

"ಅಲುಗಾಡಬೇಡ ಮಗಳೇ!" ಸಿದ್ದಜ್ಜ ಕೂಗಿದ. "ಬೂದವ್ವ, ಬಳ್ಳಿ ಬಿಚ್ಚಿ ಅದರ ತುದಿಯನ್ನು ಅವಳ ಬಾಯಿಗೆ ಕೊಡು. ಎಡಕ್ಕೆ ಎಳೆ. ಬಲಕ್ಕೆ ಇನ್ನೂ ಆಳ!"

ಬೂದವ್ವ ಸರ್ರನೆ ಕೆಳಗಿಳಿದು ಬಳ್ಳಿಯ ತುದಿ ಚಾಚಿದಳು. ಹೇಳಿದಂತೆ ಎಳೆದಳು. ಕಿವಿಯವರೆಗೂ ಕೆಸರಾದ ಹೊನ್ನಿ ನಡುಗುತ್ತ ಮೇಲೆ ಬಂದಳು.

"ಅಜ್ಜ, ನಿನಗೆ ಇದೆಲ್ಲ ಹೇಗೆ ಗೊತ್ತು?" ಎಂದು ಬೂದವ್ವ ಕೇಳಿದಳು.

"ಬಿದ್ದಿದ್ದೆನಲ್ಲ! ನಮ್ಮವರು ಬಿದ್ದಲ್ಲೆಲ್ಲ ಬಳ್ಳಿಯನ್ನು ಅಷ್ಟಷ್ಟು ಸರಿಸಿ ಕಟ್ಟುತ್ತ ಬಂದೆವು. ಆನೆ ಕುಣಿಯಿತೋ ಇಲ್ಲವೋ, ನಾನರಿಯೆ."

ಹೊನ್ನಿ ಮೆಲ್ಲನೆ ಹೇಳಿದಳು: "ನಾನಿನ್ನು ಕೆರೆಗೆ ಹೋಗುವುದಿಲ್ಲ. ಯಾರಾದರೂ ನೀರು ತಂದುಕೊಟ್ಟರೆ ಕುಡಿಯುತ್ತೇನೆ."

ಬೈದಿದ್ದರೂ ಬೂದವ್ವನಿಗೆ ಅಷ್ಟು ನೋಯುತ್ತಿರಲಿಲ್ಲ. ಈ ಸಲ ಅವಳು ಮರ ಹತ್ತದೆ ನೆಲದ ಮೇಲೇ ನಿಂತಳು. "ಅಜ್ಜ, ನೀನು ಮುಂದೆ ನಡೆ. ಹೊನ್ನಿ, ನೀನು ಎಲ್ಲಿ ಹೇಳುತ್ತೀಯೋ ಅಲ್ಲಿ ಕಟ್ಟುತ್ತೇನೆ," ಎಂದಳು. ಇಬ್ಬರೂ ಕಾಲಿನಿಂದ ನೆಲ ಒತ್ತಿ ನೋಡುವಾಗ ಅವಳ ಕೈಗಳು ಚಡಪಡಿಸಿದವು. ಆದರೂ, "ಇಲ್ಲಿ" ಎಂದು ಹೊನ್ನಿ ಹೇಳುವವರೆಗೆ ಒಂದು ಗಂಟನ್ನೂ ಹಾಕಲಿಲ್ಲ. ಸಂಜೆ ಕೆರೆಯ ದಡ ಸಿಕ್ಕಿತು. ಹೊನ್ನಿ ತಾನೇ ಬಗ್ಗಿ ನೀರು ಕುಡಿದಳು.

ಮರುದಿನ ಹಿರಿಯಾನೆ ಬಂದ. "ಮುಖ್ಯಸ್ಥೆ ದಾರಿ ತೋರಿಸಲಿ," ಎಂದ.

ಬೂದವ್ವ ಪಕ್ಕಕ್ಕೆ ಸರಿದಳು. "ಈ ದಾರಿ ಬಲ್ಲವಳು ಹೊನ್ನಿ. ಅವಳ ಹಿಂದೆ ಬನ್ನಿ."

ಹೊನ್ನಿ ಮುಂದೆ ನಡೆದಳು. ಸ್ವಲ್ಪ ದೂರ ಹೋಗಿ ಆನೆ ನಿಂತ. "ಬಳ್ಳಿ ಇಲ್ಲಿ ಡೊಂಕಾಗಿದೆಯಲ್ಲ! ನೇರ ಹೋದರಾಗದೇ?"

"ಬೇಡ ಸ್ವಾಮಿ, ಆ ಕಡೆ ಕಾಲಿಡಬೇಡಿ," ಎಂದಳು ಹೊನ್ನಿ.

ಹಿರಿಯಾನೆ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

ನೀತಿ: ಯಾರಿಗಾಗಿ ಸೇವೆಯೋ ಅವರನ್ನು ಮೊದಲು ಕೇಳಬೇಕು, ಕೇಳದೆ ಮಾಡಿದ ಉಪಕಾರ ಅವರ ದಾರಿಯನ್ನೇ ಕಸಿದೀತು.