ತವರಿನ ಗಿಡದಲ್ಲಿ ನೀಲಿ ಹೂ

ಬೊಮ್ಮಣ್ಣನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೊಸೆ ತವರಿನಿಂದ ಒಂದು ಗಿಡ ತಂದು ಹಿತ್ತಲಲ್ಲಿ ನೆಡಬೇಕು. ಅದು ಹೂ ಬಿಟ್ಟು, ಆ ಹೂ ಮನೆದೇವರಿಗೆ ಏರುವವರೆಗೆ ಸೊಸೆಯಲ್ಲದೆ ಬೇರೆ ಯಾರೂ ಗಿಡವನ್ನು ಮುಟ್ಟುವಂತಿಲ್ಲ.

ವೈಶಾಖದಲ್ಲಿ ಮದುವೆಯಾಗಿ ಬಂದ ಸೊಸೆ ನಾಗವೇಣಿ ಮೊಣಕಾಲುದ್ದದ ಒಂದು ಗಿಡ ತಂದಳು. ಪಾರಿಜಾತ ಎಂದಳು. ಆ ಊರಲ್ಲಿ ಯಾರ ಮನೆಯಲ್ಲೂ ಪಾರಿಜಾತ ಇರಲಿಲ್ಲ. ಅತ್ತೆ ಓಬಳಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಗಿಡದ ಸುತ್ತ ಎದೆಮಟ್ಟದ ಜಾಲಿಮುಳ್ಳಿನ ಬೇಲಿ ಎದ್ದಿತು.

ಆಷಾಢಕ್ಕೆ ನಾಗವೇಣಿ ತವರಿಗೆ ಹೋದಳು. ಮಳೆ ಹಿಡಿಯಿತು. ಶ್ರಾವಣದಲ್ಲಿ ಅವಳು ಮರಳುವ ಹೊತ್ತಿಗೆ ಬೇಲಿಯ ಒಳಗೆ ದೊಡ್ಡ ಪೊದೆ. ಪೊದೆಯ ನೆತ್ತಿಯ ತುಂಬ ಹೂ. ಕಹಳೆಯಂಥ ನೀಲಿ ಹೂ.

"ಬಿಳಿ ಹೂ, ಕೇಸರಿ ತೊಟ್ಟು ಅಂತ ನೀನೇ ಅಂದಿದ್ದೆ. ಘಮ ಬೀದಿಗೆ ಬರುತ್ತೆ ಅಂದಿದ್ದೆ. ಎಲ್ಲಿ ಹೋಯ್ತಮ್ಮಾ ನಿನ್ನ ಪಾರಿಜಾತ?" ಎಂದಳು ಓಬಳಮ್ಮ.

"ಪಾರಿಜಾತಾನೇ ಅತ್ತೆ. ನಾನೇ ನೆಟ್ಟಿದ್ದು."

"ಹಂಗಾದ್ರೆ ನನ್ನ ಕಣ್ಣು ಹೋಗಿದಾವೆ ಅನ್ನು."

ನಾಗವೇಣಿ ಹೂ ನೋಡಿದಳು. ಅವಳಿಗೂ ಏನೂ ತಿಳಿಯಲಿಲ್ಲ.

"ಗಿಡದ ವಿಷಯಕ್ಕೇ ಸುಳ್ಳು ಹೇಳೋಳು ನನ್ನ ದೇವರ ಕೋಣೆಗೆ ಕಾಲಿಡೋದು ಬೇಡ. ಶುಕ್ರವಾರ ಇದನ್ನ ಅಗೆದು ತವರಿಗೇ ಕಳಿಸ್ತೀನಿ. ಇವಳನ್ನೂ ಜೊತೆಗೆ," ಎಂದಳು ಓಬಳಮ್ಮ ಗಂಡನತ್ತ ತಿರುಗಿ.

ಸೊಸೆ ಸುಳ್ಳಿಯಂತೆ ಬೊಮ್ಮಣ್ಣನಿಗೆ ಕಂಡಿರಲಿಲ್ಲ. ಹೂ ನೀಲಿ ಇರುವುದೂ ಸುಳ್ಳಲ್ಲ. "ಒಂದು ಎಲೆ, ಒಂದು ಹೂ ಕಿತ್ತು ಕೊಡು," ಎಂದ ಸೊಸೆಗೆ.

ಹೂವನ್ನು ಅವಳು ಮೇಲಿನಿಂದ ಕಿತ್ತಳು. ಮೇಲಿನ ಚಿಗುರು ನೋಯಬಾರದೆಂದು ಎಲೆಯನ್ನು ಬೇಲಿಯ ಸಂದಿಯಲ್ಲಿ ಕೈ ತೂರಿಸಿ ಬುಡದ ಕಡೆಯಿಂದ ತೆಗೆದಳು.

ಪಕ್ಕದೂರಿನ ದೇವಸ್ಥಾನದಲ್ಲಿ ಪಾರಿಜಾತ ಇತ್ತು. ಬೊಮ್ಮಣ್ಣ ಅಲ್ಲಿಗೆ ನಡೆದ. ಅರ್ಚಕರು ಎಲೆಯನ್ನು ಉಗುರಿಗೆ ಉಜ್ಜಿದರು. ಮರಳುಕಾಗದದ ಹಾಗೆ ಕರಕರ ಎಂದಿತು. "ಪಾರಿಜಾತವೇ. ಸಂಶಯ ಬೇಡ."

"ಹೂ?"

ಅರ್ಚಕರು ಹೂ ನೋಡಿ ಗಾಬರಿಯಾದರು. "ಇದು ಖಂಡಿತ ಅಲ್ಲ."

"ಎರಡೂ ಒಂದೇ ಗಿಡದ್ದು, ಸ್ವಾಮಿ."

"ಹಾಗಾದರೆ ನನಗೆ ತಿಳಿಯದಪ್ಪ."

ದಾರಿಯಲ್ಲಿ ಆಡು ಕಾಯುವ ಈರಜ್ಜ ಸಿಕ್ಕ. ಹೂ ಕಂಡೊಡನೆ ನಕ್ಕ. "ಹಳ್ಳದ ಬೇಲಿ ತುಂಬ ಇದೇ. ಹೊತ್ತೇರಿದ್ರೆ ಮುದುಡುತ್ತೆ." ಎಲೆ ತೋರಿಸಿದರೆ ಅವನ ನಗು ನಿಂತಿತು. "ಈ ಎಲೆ ಅದರದಲ್ಲ. ಯಾವನೋ ನಿನ್ನ ಆಟ ಆಡಿಸಿದಾನೆ."

ಎಲೆ ಪಾರಿಜಾತದ್ದು ಎಂದರು ಒಬ್ಬರು. ಹೂ ಹಳ್ಳದ ಬೇಲಿಯದ್ದು ಎಂದ ಇನ್ನೊಬ್ಬ. ಇಬ್ಬರೂ ತಿಳಿದವರೇ. ಬೊಮ್ಮಣ್ಣ ಎಲೆ, ಹೂ ಹಿಡಿದುಕೊಂಡೇ ಮನೆಗೆ ಬಂದ.

ಶುಕ್ರವಾರ ಬೆಳಿಗ್ಗೆ ಓಬಳಮ್ಮ ಗುದ್ದಲಿ ಹಿಡಿದು ಬಂದಳು. ನಾಗವೇಣಿಯ ಬಟ್ಟೆಗಂಟು ಜಗುಲಿಯ ಮೇಲಿತ್ತು.

"ತಡಿ," ಎಂದ ಬೊಮ್ಮಣ್ಣ. "ಅರ್ಚಕರು ಸುಳ್ಳು ಹೇಳಲ್ಲ. ಈರಜ್ಜನೂ ಹೇಳಲ್ಲ. ನಾನೇ ಎಲ್ಲೋ ಎಡವಿದೀನಿ. ಎಲೆ, ಹೂ ಹಿಡಕೊಂಡು ಊರೆಲ್ಲ ಸುತ್ತಿದೆ. ಗಿಡ ನೋಡಲೇ ಇಲ್ಲ."

ಮುಳ್ಳು ಎಳೆದು ಪಕ್ಕಕ್ಕೆ ಹಾಕಿದ. ಗಿಡ ಮುಟ್ಟಲಿಲ್ಲ. ಸೊಸೆಯನ್ನು ಕರೆದ. "ಒಂದು ಹೂ ಹಿಡಿ. ಅದರ ಕಾಂಡದ ಮೇಲೆ ಬೆರಳು ಜಾರಿಸಿಕೊಂಡು ಕೆಳಗೆ ಹೋಗು. ಬಿಡಬೇಡ."

ಅವಳ ಬೆರಳು ಸುತ್ತಿತು, ಬಳಸಿತು, ಎಲೆಗಳ ಕತ್ತಲೆಗೆ ಇಳಿಯಿತು. ಕೊನೆಗೆ ಮಣ್ಣು ಮುಟ್ಟಿತು.

"ಈಗ ಒರಟು ಎಲೆ ಹಿಡಿ."

ಬೆರಳು ನೇರವಾಗಿ ಇಳಿಯಿತು. ಅದೂ ಮಣ್ಣು ಮುಟ್ಟಿತು. ಆದರೆ ನಾಲ್ಕು ಬೆರಳು ಆಚೆ.

"ಎರಡು, ಮಾವ!" ಎಂದಳು ನಾಗವೇಣಿ. "ಎರಡು ಗಿಡ! ಬಳ್ಳಿ ಹಬ್ಬಿಬಿಟ್ಟಿದೆ!"

ಓಬಳಮ್ಮ ಬಗ್ಗಿ ನೋಡಿದಳು. "ಬಳ್ಳಿ ಎಲ್ಲಿಂದ ಬಂತು?"

"ಬುಡದಲ್ಲಿ ತಿಪ್ಪೆಗೊಬ್ಬರ ಇದೆ. ಹಾಕಿದ್ದು ಯಾರು?" ಎಂದ ಬೊಮ್ಮಣ್ಣ.

ಓಬಳಮ್ಮ ಸೆರಗು ಸರಿಮಾಡಿಕೊಂಡಳು. "ಮುಟ್ಟಲಿಲ್ಲಪ್ಪ. ನಮ್ಮ ಹುಡುಗಿ ಗಿಡ ಸೊರಗೀತು ಅಂತ ಬೇಲಿ ಮೇಲಿಂದ ಒಂದು ಬುಟ್ಟಿ ಎರಚಿದೆ. ಹಳ್ಳದ ದಂಡೆ ತಿಪ್ಪೇದು."

ಬಳ್ಳಿಯ ಬೀಜ ಬಂದದ್ದು ಆ ಬುಟ್ಟಿಯಲ್ಲೇ. ಬಳ್ಳಿಯ ಬಿಗಿಗೆ ಪಾರಿಜಾತದ ಎಳೆ ರೆಂಬೆ ಒಂದು ಆಗಲೇ ಮುರಿದಿತ್ತು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಗಿಡ ಉಳಿಯುತ್ತಿರಲಿಲ್ಲ.

ನಾಗವೇಣಿ ಬಳ್ಳಿ ಬಿಡಿಸತೊಡಗಿದಳು. ಅತ್ತೆ ನಿಂತು ನೋಡಿದಳು. ಆಮೇಲೆ ಗುದ್ದಲಿ ಗೋಡೆಗೆ ಒರಗಿಸಿದಳು. ಜಗುಲಿಯ ಗಂಟು ತಾನೇ ಎತ್ತಿ ಒಳಗೆ ಒಯ್ದಳು. ಒಳಗಿನಿಂದಲೇ ಕೂಗಿದಳು: "ವೇಣೀ, ಕೈ ತೊಳಕೊಂಡು ಬಾ. ದೇವರ ದೀಪಕ್ಕೆ ಎಣ್ಣೆ ಹಾಕೋರಿಲ್ಲ."

ನೀತಿ: ತಿಳಿದವರಿಬ್ಬರ ಮಾತು ಒಂದಕ್ಕೊಂದು ಹೊಂದದಿದ್ದರೆ, ಒಬ್ಬರನ್ನು ಸುಳ್ಳರೆಂದು ತೀರ್ಮಾನಿಸಬೇಡಿ. ಬುಡದವರೆಗೆ ಹೋಗಿ ನೋಡಿ. ನೀವು ಒಂದೆಂದುಕೊಂಡದ್ದು ಎರಡಿರಬಹುದು.